ಕಾದ ಕೇಬಲ್, ತಣ್ಣಗಿದ್ದ ಕೇಬಲ್

ಅಕ್ಕಿ ಗಿರಣಿಗೆ ಕರೆಂಟು ತರುತ್ತಿದ್ದ ಎರಡು ಕೇಬಲ್ಲುಗಳು ಒಂದೇ ಸುರುಳಿಯಿಂದ ಕತ್ತರಿಸಿದ ಅಕ್ಕತಂಗಿಯರು. ಹೊರೆಯನ್ನು ಸಮಸಮ ಹೊರಬೇಕೆಂದು ಮಾತಾಗಿತ್ತು. ಆದರೆ ತಂಗಿಯ ತುದಿಯ ಬೋಲ್ಟು ಸಡಿಲಾಗಿ, ಕಿಲುಬು ಹಿಡಿದು, ದಾರಿ ಇಕ್ಕಟ್ಟಾಯಿತು. ಕರೆಂಟು ಸಲೀಸಾದ ಕಡೆಗೇ ನುಗ್ಗಿತು. ಅಕ್ಕನ ಮೈ ಕಾದ ಕಾವಲಿಯಾಯಿತು.

“ತಂಗೀ, ಒಂದು ಕಿಡಿಯನ್ನಾದರೂ ಹಾರಿಸು. ಮಿಸ್ತ್ರಿ ನೋಡಿ ಬೋಲ್ಟು ಬಿಗಿ ಮಾಡುತ್ತಾನೆ,” ಎಂದಳು ಅಕ್ಕ.

“ನೀನು ಹೊರುತ್ತಿದ್ದೀಯಲ್ಲ ಅಕ್ಕಾ, ಗಿರಣಿಯೂ ನಡೆಯುತ್ತಿದೆ. ಮಿಸ್ತ್ರಿಯ ಮುಂದೆ ನನ್ನ ಮಾನ ಯಾಕೆ ಹೋಗಬೇಕು?”

ತಂಗಿಯ ಮಾನ ತನ್ನದೂ ಹೌದೆಂದು ಅಕ್ಕ ಅವಳ ಪಾಲನ್ನೂ ಹೊರುತ್ತಲೇ ಹೋದಳು.

ಸುಟ್ಟ ವಾಸನೆ ಹಿಡಿದು ಮಿಸ್ತ್ರಿ ಚನ್ನವೀರಪ್ಪ ಬಂದ. ಮೇನ್ ಸ್ವಿಚ್ ಇಳಿಸಿ ಇಬ್ಬರ ಮೈಯನ್ನೂ ಮುಟ್ಟಿ ನೋಡಿದ. ಅವನ ಪರೀಕ್ಷೆಯೆಂದರೆ ಅಷ್ಟೇ.

“ಇದು ಕೈ ಸುಡ್ತಾ ಇದೆ, ಕೆಟ್ಟೋಗಿದೆ. ಅದು ನೋಡಿ, ಎಷ್ಟು ತಣ್ಣಗಿದೆ! ಅದೊಂದೇ ಸಾಕು,” ಎಂದು ಗಿರಣಿಯವರಿಗೆ ಹೇಳಿ ಅಕ್ಕನನ್ನು ಬಿಚ್ಚಿ ಗುಜರಿ ರಾಶಿಗೆ ಎಸೆದ.

ಗಿರಣಿ ಮತ್ತೆ ತಿರುಗಿತು. ಇಡೀ ಹೊರೆ ತಂಗಿಯ ಮೇಲೆ ಬಿದ್ದು, ಸಡಿಲ ತುದಿ ಧಗ್ಗನೆ ಹೊತ್ತಿಕೊಂಡಿತು.

“ಅಕ್ಕಾ!” ಎಂದು ಕೂಗಿದಳು ತಂಗಿ.

ಗುಜರಿಯಲ್ಲಿ ಅಕ್ಕನಿಗೆ ಅದು ಕೇಳಿಸಿತು. ಮೈ ಇನ್ನೂ ಆರಿರಲಿಲ್ಲ, ಹೊರುವ ಶಕ್ತಿಯೂ ಇತ್ತು. ತಂಗಿಯ ಪಕ್ಕದಲ್ಲಿ ಜಾಗ ಮಾತ್ರ ಇರಲಿಲ್ಲ.