ಬಾವಿಗೆ ಇಳಿಸುವ ದೀಪ

"ಗುರುಗಳೇ, ನನ್ನ ತರಗತಿಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಇದು ಒಳ್ಳೆಯದೋ, ಕೆಟ್ಟದ್ದೋ?"

ಕೇಳಿದವನು ಹಾಲಪ್ಪ. ಗುರುಗಳ ಹತ್ತಿರ ಏಳು ವರ್ಷ ಕಲಿತವನು. ಎರಡು ವರ್ಷದಿಂದ ಪಕ್ಕದ ಊರಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಮೊದಮೊದಲು ಮಕ್ಕಳು ಹೀಗಿರಲಿಲ್ಲ ಎಂದು ಅವನೇ ಹೇಳಿದ. ಹತ್ತರಿಂದ ಗುಣಿಸಿದರೆ ಕೊನೆಗೊಂದು ಸೊನ್ನೆ ಹಾಕಿ ಎಂದರೆ, ಸೊನ್ನೆಯೇ ಯಾಕೆ ಎಂದು ಒಬ್ಬ ಹುಡುಗಿ ಎದ್ದು ನಿಲ್ಲುತ್ತಿದ್ದಳು. ಅವಳಿಗೆ ವಿವರಿಸುತ್ತ ನಿಂತರೆ ಆ ದಿನದ ಪಾಠ ಮುಗಿಯುವುದಿಲ್ಲ. ಅದು ನಿಯಮ, ಕೂತುಕೋ ಎಂದಿದ್ದ. ಎರಡು ಮೂರು ಸಲ ಹೀಗಾದ ಮೇಲೆ ಅವಳು ಏಳುವುದನ್ನು ಬಿಟ್ಟಳು. ಅವಳನ್ನು ನೋಡಿ ಉಳಿದವರೂ ಬಿಟ್ಟರು. ಈಗ ಪಾಠ ಸರಾಗವಾಗಿ ಸಾಗುತ್ತದೆ, ಲೆಕ್ಕ ಕೊಟ್ಟರೆ ಎಲ್ಲರದೂ ಸರಿ. ಆದರೂ ಶಾಲೆ ಬಿಟ್ಟು ಮನೆಗೆ ಹೋಗುವಾಗ ಮನಸ್ಸಿಗೆ ಏನೋ ಕಸಿವಿಸಿ ಎಂದ.



"ಇದನ್ನು ಕೇಳಲು ನಿನಗೆ ಎರಡು ವರ್ಷ ಬೇಕಾಯಿತೇನಯ್ಯಾ? ಇರಲಿ, ಬಂದೆಯಲ್ಲ. ಕೂತುಕೋ" ಎಂದು ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಬಾವಿ ತೋಡುವವನಿದ್ದ. ಹೊಸ ಬಾವಿ ತೋಡುವುದು, ಹಳೆಯ ಬಾವಿಯ ಹೂಳು ತೆಗೆಯುವುದು, ಇವೆರಡೇ ಅವನ ಕಸುಬು. ನಲವತ್ತು ವರ್ಷ ನೆಲದೊಳಕ್ಕೆ ಇಳಿದ, ಹತ್ತಿದ. ಒಂದು ದಿನವೂ ಅಪಾಯಕ್ಕೆ ಸಿಕ್ಕಲಿಲ್ಲ. ಅವನು ಒಂದು ಕ್ರಮವನ್ನು ಎಂದೂ ತಪ್ಪಿಸುತ್ತಿರಲಿಲ್ಲ. ಬಾವಿಗೆ ಇಳಿಯುವ ಮೊದಲು ಒಂದು ಹಣತೆ ಹಚ್ಚುತ್ತಿದ್ದ. ಅದನ್ನು ಬುಟ್ಟಿಯಲ್ಲಿಟ್ಟು, ಹಗ್ಗ ಕಟ್ಟಿ, ತಳದವರೆಗೆ ಇಳಿಸಿ ನೂರು ಎಣಿಸುತ್ತಿದ್ದ. ದೀಪ ಉರಿಯುತ್ತಿದ್ದರೆ ತಾನು ಇಳಿಯುತ್ತಿದ್ದ. ಆರಿದರೆ ಇಳಿಯುತ್ತಿರಲಿಲ್ಲ. ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಬಹಳ ಹೊತ್ತು ಮೇಲಕ್ಕೂ ಕೆಳಕ್ಕೂ ಎಳೆದಾಡಿ, ಮತ್ತೆ ದೀಪ ಇಳಿಸಿ ನೋಡುತ್ತಿದ್ದ.

ಕಾರಣ ದೊಡ್ಡದೇನಲ್ಲ. ಬಹಳ ದಿನ ಮುಚ್ಚಿದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಆ ಗಾಳಿಯಲ್ಲಿ ದೀಪ ಉರಿಯುವುದಿಲ್ಲ, ಮನುಷ್ಯ ಬದುಕುವುದಿಲ್ಲ. ಟೊಂಗೆ ಆಡಿಸಿದರೆ ಕೆಟ್ಟ ಗಾಳಿ ಕದಡಿ ಹೊರಗೆ ಹೋಗುತ್ತದೆ. ಇಷ್ಟೇ ವಿಷಯ. ಯಾರಿಗೆ ಹೇಳಿದರೂ ಅರ್ಥವಾಗುವಂಥದ್ದು.

ಅವನಿಗೆ ಒಬ್ಬನೇ ಮಗ. ಮಗ ಬೆಳೆದು ತೋಳಿಗೆ ಬಲ ಬಂದ ಮೇಲೆ ತನ್ನ ಜೊತೆ ಕೆಲಸಕ್ಕೆ ಕರೆದುಕೊಂಡು ಹೋದ. ಹಗ್ಗ ಬಿಡುವುದು, ಮಣ್ಣು ಎಳೆಯುವುದು, ಕಲ್ಲು ಒಡೆಯುವುದು, ಎಲ್ಲವನ್ನೂ ಕೈಹಿಡಿದು ಕಲಿಸಿದ. ಒಳ್ಳೆಯ ಮೇಷ್ಟ್ರೇ, ಅದರಲ್ಲಿ ಸಂಶಯವಿಲ್ಲ. ನಾಲ್ಕನೆಯ ದಿನವೋ ಐದನೆಯ ದಿನವೋ ದೀಪ ಇಳಿಸುತ್ತಿದ್ದಾಗ ಮಗ ಕೇಳಿದ.

"ಅಪ್ಪಾ, ದೀಪ ಯಾಕೆ ಇಳಿಸುವುದು?"

ಆ ಹೊತ್ತಿಗೆ ಬಾವಿಯ ಒಡೆಯ ಪಕ್ಕದಲ್ಲೇ ನಿಂತು ಬೇಗ ಬೇಗ ಎನ್ನುತ್ತಿದ್ದ. ಬಿಸಿಲು ಏರುತ್ತಿತ್ತು. ಹಾಗೆಂದು ಒಂದು ಮಾತು ಹೇಳಲು ಪುರುಸೊತ್ತು ಇರಲಿಲ್ಲ ಎಂದೇನೂ ಅಲ್ಲ. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಕೇಳುತ್ತಾನೆ, ಅದಕ್ಕೆ ಕೊಟ್ಟರೆ ಮತ್ತೊಂದು ಕೇಳುತ್ತಾನೆ ಎಂಬ ಹೆದರಿಕೆ. ಕಲಿಸುವವರಿಗೆಲ್ಲ ಆ ಹೆದರಿಕೆ ಇದ್ದೇ ಇರುತ್ತದೆ, ನನಗೂ ಇತ್ತು.

"ಗಂಗಮ್ಮನಿಗೆ ಕಣೋ. ಸುಮ್ಮನೆ ಹಗ್ಗ ಹಿಡಿ" ಎಂದ.

ಮಗ ಒಳ್ಳೆಯವನು. ಸುಮ್ಮನೆ ಹಗ್ಗ ಹಿಡಿದ. ಉತ್ತರ ಸಿಕ್ಕಿತ್ತಲ್ಲ, ಮತ್ತೆ ಯಾವತ್ತೂ ಕೇಳಲಿಲ್ಲ. ದೀಪ ಆರಿದ ದಿನ ಅಪ್ಪ ಬೇವಿನ ಟೊಂಗೆ ಆಡಿಸುವುದನ್ನು ನೋಡಿದ. ತಾಯಿ ಮುನಿದಿದ್ದಾಳೆ, ಅಪ್ಪ ಗಾಳಿ ಬೀಸಿ ಸೇವೆ ಮಾಡುತ್ತಿದ್ದಾನೆ ಎಂದುಕೊಂಡ. ನೋಡು, ತಪ್ಪು ಉತ್ತರದ ಹೊಟ್ಟೆ ಬಹಳ ದೊಡ್ಡದು, ಏನು ಹಾಕಿದರೂ ನುಂಗುತ್ತದೆ. ಅಪ್ಪನಿಗಂತೂ ಸಂತೋಷ. ನನ್ನ ಮಗ ಎದುರು ಮಾತಾಡುವವನಲ್ಲ, ಹೇಳಿದ್ದನ್ನು ಹೇಳಿದಂತೆ ಮಾಡುತ್ತಾನೆ ಎಂದು ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದ. ನೀನೂ ನಿನ್ನ ತರಗತಿಯ ಬಗ್ಗೆ ಯಾರ ಮುಂದಾದರೂ ಹೇಳಿಕೊಂಡಿರಬೇಕು, ಹಾಲಪ್ಪ.

ವರ್ಷಗಳು ಕಳೆದವು. ಮಗನಿಗೆ ಮದುವೆಯಾಯಿತು. ಅಪ್ಪನ ಮಂಡಿ ಸೋತಿತು, ಅವನು ಮನೆಯಲ್ಲಿ ಕೂತ. ಮಗ ಕಸುಬು ವಹಿಸಿಕೊಂಡ. ಹೆಂಡತಿಯೂ ಅವನ ಜೊತೆ ಹೋಗಿ ಮೇಲೆ ನಿಂತು ಮಣ್ಣು ಎಳೆಯುತ್ತಿದ್ದಳು. ಕೆಲಸದಲ್ಲಿ ಮಗ ಅಪ್ಪನಿಗೆ ಸಮ, ಭಕ್ತಿಯಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ದೇವರಿಗೆ ಮಣ್ಣಿನ ಹಣತೆ ಏನು ಚೆಂದ ಎಂದು ಹಿತ್ತಾಳೆಯ ದೀಪ ತಂದ. ಅದಕ್ಕೆ ಕುಂಕುಮ ಇಟ್ಟು, ಹೂವು ಮುಡಿಸಿ, ಕಾಯಿ ಒಡೆಯುತ್ತಿದ್ದ. ಹಿತ್ತಾಳೆಯ ದೀಪ ಬುಟ್ಟಿಯಲ್ಲಿ ವಾಲಿ ಎಣ್ಣೆ ಚೆಲ್ಲುತ್ತಿತ್ತು, ನಡುವೆಯೇ ಆರುತ್ತಿತ್ತು. ದೇವರ ದೀಪ ಆರಬಾರದು. ಹಾಗಾಗಿ ಅದನ್ನು ಇಳಿಸುವುದನ್ನೇ ಬಿಟ್ಟು, ಬಾವಿಕಟ್ಟೆಯ ಮೇಲೆ ಗಾಳಿ ತಾಗದಂತೆ ಮೂರು ಕಲ್ಲುಗಳ ಮರೆಯಲ್ಲಿ ಇಡತೊಡಗಿದ. ಕೈಮುಗಿದು ನೂರು ಎಣಿಸುತ್ತಿದ್ದ. ಆಮೇಲೆ ಇಳಿಯುತ್ತಿದ್ದ.

ಅವನನ್ನು ಉದಾಸೀನದ ಮನುಷ್ಯ ಎನ್ನಬೇಡ. ಒಂದೊಂದನ್ನೂ ಶ್ರದ್ಧೆಯಿಂದಲೇ ಬದಲಿಸಿದ. ಅವನಿಗೆ ಬರುತ್ತಿದ್ದವು ಹೆಚ್ಚಾಗಿ ದಿನವೂ ನೀರು ಸೇದುವ ಬಾವಿಗಳು, ಅವುಗಳಲ್ಲಿ ಕೆಟ್ಟ ಗಾಳಿ ನಿಲ್ಲುವುದಿಲ್ಲ. ಅದಕ್ಕೆ ಬಹಳ ಕಾಲ ಏನೂ ಆಗಲಿಲ್ಲ. ಮನೆಗೆ ಬಂದಾಗಲೆಲ್ಲ ಮುದುಕ ಇವತ್ತು ದೀಪ ಮರೆಯಲಿಲ್ಲ ತಾನೇ ಎಂದು ವಿಚಾರಿಸುತ್ತಿದ್ದ. ಇಲ್ಲ ಅಪ್ಪಾ ಎಂದು ಮಗ ಹೇಳುತ್ತಿದ್ದ. ಮುದುಕ ನಿಶ್ಚಿಂತೆಯಿಂದ ಊಟಕ್ಕೆ ಏಳುತ್ತಿದ್ದ.

ಹೀಗಿರುವಾಗ ಒಬ್ಬ ವರ್ತಕ ಒಂದು ಹಳೆಯ ತೋಟ ಕೊಂಡ. ಅದರಲ್ಲೊಂದು ಬಾವಿ. ಇಪ್ಪತ್ತು ವರ್ಷದಿಂದ ಕಲ್ಲುಚಪ್ಪಡಿ ಮುಚ್ಚಿಕೊಂಡು ಬಿದ್ದಿತ್ತು. ಹೂಳು ತೆಗೆಯಲು ಇವನನ್ನು ಕರೆಸಿದ. ಮಗ, ಅವನ ಹೆಂಡತಿ, ಇಬ್ಬರು ಕೂಲಿಯವರು ಬೆಳಗ್ಗೆ ಹೋಗಿ ಚಪ್ಪಡಿ ಸರಿಸಿದರು. ಕಟ್ಟೆಯ ಮೇಲೆ ದೀಪ ಹಚ್ಚಿದರು, ಕಾಯಿ ಒಡೆದರು. ಮಗ ಕೈಮುಗಿದು, ನೂರು ಎಣಿಸಿ, ಹಗ್ಗ ಹಿಡಿದು ಇಳಿದ. ಅರ್ಧ ಬಾವಿಯವರೆಗೆ ಮಾತಾಡುತ್ತಿದ್ದ. ಆಮೇಲೆ ಮಾತು ನಿಂತಿತು. ಹೆಂಡತಿ ಕೂಗಿ ಕರೆದಳು. ಹಗ್ಗ ಎಳೆದಳು. ಹಗ್ಗ ಹಗುರವಾಗಿ ಮೇಲೆ ಬಂತು. ಅವಳೂ ಇಳಿಯಲು ಹೊರಟಳು, ಕೂಲಿಯವರು ಬಿಡಲಿಲ್ಲ.

ಮುದುಕನನ್ನು ಗಾಡಿಯಲ್ಲಿ ಕರೆತಂದರು. ಅವನು ಸೊಸೆಯನ್ನು ಕೇಳಿದ್ದು ಒಂದೇ ಮಾತು.

"ದೀಪ ಇಳಿಸಲಿಲ್ಲವೇನಮ್ಮಾ?"

"ಇಟ್ಟಿದ್ದೆವು ಮಾವ. ಒಂದು ಸಲವೂ ಆರಲಿಲ್ಲ. ಇನ್ನೂ ಉರಿಯುತ್ತಿದೆ, ನೋಡಿ."

ಮುದುಕ ನೋಡಿದ. ಮೂರು ಕಲ್ಲುಗಳ ಮರೆಯಲ್ಲಿ ದೀಪ ಅಲುಗದೆ ಉರಿಯುತ್ತಿತ್ತು. ಅವನಿಗೆ ಎಲ್ಲವೂ ಆಗ ತಿಳಿಯಿತು. ಎಷ್ಟೋ ವರ್ಷದ ಹಿಂದೆ ಬಿಸಿಲಿನಲ್ಲಿ ತಾನು ಆಡಿದ ಮಾತೂ ನೆನಪಾಯಿತು. ಆ ಸಂಕಟ ಯಾವ ತಂದೆಗೂ ಬೇಡ, ಹಾಲಪ್ಪ. ಅವನು ತೆವಳಿಕೊಂಡು ಹೋಗಿ ದೀಪ ತೆಗೆದುಕೊಂಡ. ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ, ಹಗ್ಗ ಕಟ್ಟಿ, ತಾನೇ ಇಳಿಸಿದ. ಎರಡಾಳು ಆಳ ಇಳಿಯುವಷ್ಟರಲ್ಲಿ ಆರಿತು. ಎಳೆದು, ಹಚ್ಚಿ, ಮತ್ತೆ ಇಳಿಸಿದ. ಅಲ್ಲೇ ಆರಿತು. ಅಷ್ಟು ಹೊತ್ತೂ ಅಳುತ್ತಿದ್ದ ಸೊಸೆ ಅದು ಯಾಕೆ ಆರುತ್ತದೆ ಎಂದು ಕೇಳಿದಳು. ಮುದುಕ ಹೇಳಿದ. ಮಗನಿಗೆ ಹೇಳಬೇಕಾಗಿದ್ದ ಮಾತನ್ನು, ಮಗ ಬಾವಿಯ ತಳದಲ್ಲಿ ಬಿದ್ದಿರುವಾಗ, ಅವನ ಹೆಂಡತಿಗೆ ಹೇಳಿದ. ಹೇಳಿ ಮುಗಿಸಲು ನೂರು ಎಣಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ತಿಥಿ ಕರ್ಮಗಳು ಮುಗಿದ ಮೇಲೆ ಮುದುಕ ಮನೆಯಲ್ಲಿ ಕೂರಲಿಲ್ಲ. ಗಾಡಿ ಹತ್ತಿ ಊರೂರಿಗೆ ಹೋದ. ಬಾವಿ ತೋಡುವವರನ್ನೆಲ್ಲ ಕೂಡಿಸಿ ಕೆಟ್ಟ ಗಾಳಿಯ ವಿಷಯ ಬಿಡಿಸಿ ಬಿಡಿಸಿ ಹೇಳಿದ. ಅವರು ಮಗ ಸತ್ತವನ ಮುಖ ನೋಡಿ ಹೌದು ಹೌದು ಎಂದು ತಲೆದೂಗಿದರು. ಎರಡು ತಿಂಗಳ ನಂತರ ಅದೇ ಜನ ಕೆಲಸ ಮಾಡುವ ಕಡೆ ಹೋಗಿ ನೋಡಿದ. ಆಳು ಮುಂದೆ ಇಳಿಯುತ್ತಿದ್ದ, ಹಿಂದಿನಿಂದ ದೀಪ ಇಳಿಯುತ್ತಿತ್ತು. ಯಾಕಪ್ಪಾ ಹೀಗೆ ಎಂದರೆ, ನೀವು ಹೇಳಿದಂತೆ ದೀಪ ಇಳಿಸುತ್ತಿದ್ದೇವಲ್ಲ ಯಜಮಾನರೇ ಎಂದರು. 

ಆಮೇಲೆ ಮುದುಕ ಕಲಿಸುವ ರೀತಿಯನ್ನೇ ಬದಲಿಸಿದ. ಕಸುಬು ಕಲಿಯಲು ಬಂದವರನ್ನು ಯಾರೂ ಬಳಸದ ಒಂದು ಮುಚ್ಚಿದ ಬಾವಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಚಪ್ಪಡಿ ಸರಿಸಿ ದೀಪ ಇಳಿಸುತ್ತಿದ್ದ. ದೀಪ ಆರುತ್ತಿತ್ತು. ಎಳೆದು, ಹಚ್ಚಿ, ಮತ್ತೆ ಇಳಿಸುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ಯಾಕೆ ಆರುತ್ತದೆ ಎಂದು ಯಾರಾದರೂ ಕೇಳಿದರೆ ಹಗ್ಗವನ್ನು ಅವರ ಕೈಗೇ ಕೊಟ್ಟು, ಎಷ್ಟು ಆಳದಲ್ಲಿ ಆರುತ್ತದೆ ನೀನೇ ನೋಡು ಎನ್ನುತ್ತಿದ್ದ. ಟೊಂಗೆ ಆಡಿಸಿದ ಮೇಲೆ ಎಲ್ಲಿಯವರೆಗೆ ಉರಿಯಿತು, ಅದನ್ನೂ ನೋಡು ಎನ್ನುತ್ತಿದ್ದ. ಕೇಳದವರನ್ನು ಬಾವಿಗೆ ಇಳಿಸುತ್ತಿರಲಿಲ್ಲ. ಕೆಲವರು ಮೊದಲ ದಿನವೇ ಕೇಳಿದರು. ಕೆಲವರು ಬೇಸತ್ತು ಇವನಿಗೆ ಅರಳುಮರಳು ಎಂದುಕೊಂಡು ಹೊರಟುಹೋದರು. ಒಬ್ಬನಂತೂ ಒಂಬತ್ತು ದಿನ ಪಕ್ಕದಲ್ಲೇ ಕೂತಿದ್ದ, ಕೇಳಲಿಲ್ಲ. ಹತ್ತನೆಯ ದಿನ ಕೇಳಿದ. ಮುದುಕ ಅವನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.  ಹಾಲಪ್ಪ ಕಣ್ಣು ಒರೆಸಿಕೊಂಡು ಹೇಳಿದ.

"ನನ್ನ ತಪ್ಪು ತಿಳಿಯಿತು ಗುರುಗಳೇ. ನಾಳೆಯಿಂದ ಪಾಠ ಶುರು ಮಾಡುವ ಮೊದಲೇ ಪ್ರತಿಯೊಂದಕ್ಕೂ ಕಾರಣ ಹೇಳಿಬಿಡುತ್ತೇನೆ."

"ಹಾಗಾದರೆ ಮಕ್ಕಳು ಕೇಳುವುದಕ್ಕೆ ಏನನ್ನು ಉಳಿಸುತ್ತೀಯೆ?" ಎಂದರು ಗುರುಗಳು.