ಭೇಷ್ ಅಂದ ನಾಲಿಗೆ

ಪಾಠ ಮುಗಿದ ಮೇಲೆ ಮುರಿಗೆಪ್ಪ ಎಂಬ ಶಿಷ್ಯ ಮಠದ ಅಜ್ಜಾರನ್ನು ಕೇಳಿದ. "ಅಜ್ಜಾರ, ಗುರು ಹೇಳಿದ್ದು ಖರೇ ಐತೋ ಇಲ್ಲೋ ಅಂತ ಶಿಷ್ಯ ಆದಂವ ಪರೀಕ್ಷೆ ಮಾಡಿದ್ರ ಪಾಪ ಬರತೈತೇನ್ರಿ?"

ಅಜ್ಜಾರು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ದ್ರಾಕ್ಷಿಯಿಂದ ವೈನ್ ಮಾಡಿ, ಪೀಪಾಯಿ ತುಂಬಿ ಮಾರುತ್ತಿದ್ದ. ರುಚಿ ನೋಡುವ ವಿದ್ಯೆ ಕಲಿಯಲು ಅವನ ಹತ್ತಿರ ಒಬ್ಬ ಯುವಕ ಸೇರಿಕೊಂಡ. ಬಟ್ಟಲು ಅಲ್ಲಾಡಿಸಬೇಕು, ಮೂಸಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಿ ಪೀಕದಾನಿಗೆ ಉಗುಳಬೇಕು. ಆಮೇಲೆ ಹೇಗಿದೆ ಎಂದು ಹೇಳಬೇಕು. ಇಷ್ಟೇ.

ಆದರೆ ಗುರು ಕೈಯಾರೆ ಕೊಟ್ಟಿದ್ದನ್ನು ಉಗುಳಲು ಯುವಕನಿಗೆ ಮನಸ್ಸು ಬರಲಿಲ್ಲ. ತೀರ್ಥದ ಹಾಗೆ ಅಂಗೈಗೆ ಹಾಕಿಕೊಂಡು ಪೂರಾ ಕುಡಿದು, ಒದ್ದೆ ಅಂಗೈಯನ್ನು ತಲೆಗೆ ಒರೆಸಿಕೊಳ್ಳುತ್ತಿದ್ದ. ಇನ್ನು ವ್ಯಾಪಾರಿಯ ಮುಖ. ಅದು ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ವ್ಯಾಪಾರಿ ಮೊದಲು ತಾನು ಬಾಯಿಗೆ ಹಾಕಿಕೊಂಡು ಉಗುಳಿ, ಬಟ್ಟಲನ್ನು ಇವನ ಕಡೆ ಚಾಚಿ, ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ. ಆ ನೋಟಕ್ಕೆ ಹೆದರಿ ಯುವಕ, ಯಾವ ಪೀಪಾಯಿಯಾದರೂ "ಭೇಷ್ ಐತ್ರಿ ಸಾಹುಕಾರ್ರ" ಎನ್ನುತ್ತಿದ್ದ. ವ್ಯಾಪಾರಿ ಅದರ ಮೇಲೆ ಮಾರಬಹುದೆಂದು ಸುಣ್ಣದ ಗುರುತು ಹಾಕುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಯುವಕನಿಗೆ ಇಬ್ಬರು ವ್ಯಾಪಾರಿಗಳು ಕಾಣುತ್ತಿದ್ದರು. ಹೆದರಿಕೆಯೂ ಇಮ್ಮಡಿಯಾಗುತ್ತಿತ್ತು.

ಹೀಗಿರುವಾಗ ಮಗಳ ಮದುವೆಗೆ ವೈನ್ ಬೇಕೆಂದು ದೇಸಾಯಿ ಹೇಳಿಕಳಿಸಿದ. ಈ ದೇಸಾಯಿ ದಯಾವಂತ. ಹಿಂದೆ ಯಾರೋ ಅವನಿಗೆ ಕುಂಟ ಕುದುರೆ ಮಾರಿದ್ದರು. ಕುದುರೆಗೆ ಒಂಟಿ ಅನ್ನಿಸಬಾರದೆಂದು ಮಾರಿದವನ ಕಾಲನ್ನೂ ಮುರಿಸಿದ್ದ. ಕೆಟ್ಟ ವೈನನ್ನು ಒಳ್ಳೆಯದು ಎಂದವನಿಗೆ ಏನು ಮಾಡಿಸಿಯಾನು ಎಂದು ಯುವಕ ಯೋಚಿಸಿದ. ನಾಲಿಗೆ ತಾನಾಗಿಯೇ ಒಳಕ್ಕೆ ಸರಿಯಿತು.

ಮದುವೆಗೆಂದು ತೆಗೆದ ಕಡೆಯ ಪೀಪಾಯಿಯ ವಾಸನೆ ಮೂಗಿಗೆ ಹೊಡೆಯಿತು. ಗುಟುಕು ಇಳಿದಾಗ ಹಲ್ಲು ಜುಮ್ಮೆಂದವು. ಹುಳಿಯಾಗಿದೆ ಎಂಬ ಮಾತು ತುಟಿಯವರೆಗೆ ಬಂತು. ಯುವಕ ವ್ಯಾಪಾರಿಯ ಮುಖ ನೋಡಿದ. ಅದೇ ವೈನನ್ನು ಆಗಷ್ಟೇ ಉಗುಳಿದ ಆ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಇಷ್ಟು ಪಳಗಿದವರಿಗೆ ಕಾಣದ ದೋಷ ನಿನ್ನೆ ಮೊನ್ನೆ ಬಂದ ನನಗೆ ಕಾಣುತ್ತದೆಯೇ? ದೊಡ್ಡವರು ಕುಡಿಯುವ ವೈನ್ ಹೀಗೇ ಇರುತ್ತದೇನೋ.

"ಭೇಷ್ ಐತ್ರಿ," ಎಂದ.

ಪೀಪಾಯಿ ಹೇರಿದ ಗಾಡಿ ದೇಸಾಯಿಯ ವಾಡೆ ಮುಟ್ಟುವ ಹೊತ್ತಿಗೆ ಆ ಹುಳಿ ಹೊಟ್ಟೆಯಿಂದ ಗಂಟಲಿಗೆ ವಾಪಸು ಬರತೊಡಗಿತ್ತು. ಯುವಕ ತಡೆಯಲಾರದೆ ಕೇಳಿದ. "ಸಾಹುಕಾರ್ರ, ಆ ಕಡೇ ಪೀಪಾಯಿ ನಿಮಗ ಒಂಚೂರು ಹುಳಿ ಅನ್ನಿಸಲಿಲ್ಲೇನ್ರಿ?"

ವ್ಯಾಪಾರಿಯ ಮುಖ ಮೊದಲ ಸಲ ಅಲುಗಿತು.

"ನನ್ನ ಏನ್ ಕೇಳ್ತಿಯೋ? ಜ್ವರ ಬಂದು ನನ್ನ ನಾಲಿಗಿ ಸತ್ತು ಯಾವ ಕಾಲ ಆತು. ಪ್ಯಾಟ್ಯಾಗ ಗೊತ್ತಾದ್ರ ವ್ಯಾಪಾರ ಮುಳುಗ್ತೈತಂತ ಮಾರಿ ಬಿಗಿ ಹಿಡದು ನಿಂದರ್ತಿದ್ದೆ. ನಿನ್ನ ನಾಲಿಗಿ ನಂಬಿ ಗುರುತು ಹಾಕೀನಲ್ಲೋ."

"ನಾ ನಿಮ್ಮ ಮಾರಿ ನಂಬಿದ್ದೆ ರೀ," ಎಂದ ಯುವಕ.

ಅಷ್ಟರಲ್ಲಿ ಗಾಡಿ ಒಳಗೆ ಬಂದಾಗಿತ್ತು. ಹಿಂದೆ ವಾಡೆಯ ಬಾಗಿಲು ಹಾಕಿದ ಸದ್ದಾಯಿತು. ಎದುರಿಗೆ ಕಟ್ಟೆಯ ಮೇಲೆ ದೇಸಾಯಿ ಖಾಲಿ ಬಟ್ಟಲು ಹಿಡಿದು ಕೂತಿದ್ದ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯರೆಲ್ಲ ಎಂದಿನಂತೆ ತಲೆದೂಗಿದರು. ಮುರಿಗೆಪ್ಪನೂ ತೂಗಿದ.

"ನಾನೂ ನಿಮ್ಮ ತಲಿ ಅಲ್ಲಾಡೋದು ನೋಡಿನ ಇಷ್ಟು ವರ್ಷ ಪಾಠ ಹೇಳ್ಕೋತ ಬಂದೀನೋ ತಮ್ಮಾ," ಎಂದರು ಅಜ್ಜಾರು.