ಏಟು ತಿಂದ ಹಂದಿ

"ಗುರುಗಳೇ, ಬಾಯಿ ತಪ್ಪಿ ಬಂದ ಒಂದು ಕೆಟ್ಟ ಮಾತು ತಾನಾಗಿಯೇ ಸಾಯುವುದಿಲ್ಲವೇ?"

ಕೇಳಿದವನು ಮರುಳಯ್ಯ. ಆ ಮಠದಲ್ಲಿ ಒಂಬತ್ತು ವರ್ಷ ಓದಿದವನು. ಎರಡು ವರ್ಷದ ಕೆಳಗೆ ಅವನು ಊಟದ ಪಂಕ್ತಿಯಲ್ಲಿ, ಎಲ್ಲರ ಎದುರಿಗೆ, ಜೊತೆಯ ಶಿಷ್ಯನೊಬ್ಬನಿಗೆ "ನೀನು ಓದಿಗೆ ಬಂದವನಲ್ಲ, ಅನ್ನಕ್ಕೆ ಬಂದವನು" ಎಂದಿದ್ದ. ಆ ಶಿಷ್ಯ ಎಲೆ ಬಿಟ್ಟು ಎದ್ದ. ಮರುದಿನ ಮಠ ಬಿಟ್ಟು ತನ್ನೂರಿಗೆ ಹೋದ. ಮತ್ತೆ ಬರಲಿಲ್ಲ.

"ಈಗ ಹೋಗಿ ಕೆದಕಿದರೆ ಅವನಿಗೇ ನೋವಾದೀತು. ಕಾಲ ಅದನ್ನು ಮರೆಸಿರಬಹುದು" ಎಂದು ಮರುಳಯ್ಯ ತಾನೇ ಸೇರಿಸಿದ.

ಸುಗ್ಗಿ ಮುಗಿದಿತ್ತು. ಬೆಟ್ಟದ ಕೆಳಗಿನ ಹಳ್ಳಿಯವರು ಬೇಟೆಯ ಕಾಲಕ್ಕೆ ಅಣಿಯಾಗುತ್ತಿದ್ದರು. ಕುಲುಮೆಯ ಬಡಿತ ಮಠದ ಅಂಗಳದವರೆಗೂ ಕೇಳುತ್ತಿತ್ತು. ಗುರುಗಳು ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡರು. ಆಮೇಲೆ "ಕೂತುಕೋ" ಎಂದು ಹೇಳತೊಡಗಿದರು.

ಕಾಡಿನಂಚಿನ ಒಂದು ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಬೇಟೆಗಿಂತ ಬೇಟೆಯ ಸಿದ್ಧತೆಗೆ ಅವನು ಹೆಸರಾಗಿದ್ದ. ಊರಿನವರು ಇನ್ನೂ ಕಣದಲ್ಲಿ ರಾಶಿ ತೂರುತ್ತಿರುವಾಗಲೇ ಅವನು ಅಟ್ಟದಿಂದ ಬಲೆ ಇಳಿಸುತ್ತಿದ್ದ. ಪುಂಡಿನಾರು ಹೊಸೆದು ಬಲೆಯ ಹರಿದ ಕಣ್ಣುಗಳನ್ನು ತಾನೇ ಕಟ್ಟುತ್ತಿದ್ದ. ಈಟಿಯ ಅಲಗನ್ನು ಕಲ್ಲಿಗೆ ಹಿಡಿದು ಮಸೆಯುತ್ತಿದ್ದ. ನಾಯಿಗಳ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದ. ದಿನಾ ಬೆಳಗ್ಗೆ ಕಾಡಿನ ಒರತೆಗಳಿಗೆ ಹೋಗಿ ಯಾವ ಮೃಗ ನೀರಿಗೆ ಬಂದಿತ್ತು, ಯಾವ ಕಡೆ ಹೋಯಿತು ಎಂದು ಹೆಜ್ಜೆ ನೋಡಿ ಬರುತ್ತಿದ್ದ. ಅವನ ಹೆಂಡತಿಯೂ ಅಂಥವಳೇ. ಕೊತ್ತಂಬರಿ, ಮೆಣಸು ಹುರಿದು ಕುಟ್ಟಿ ಮಡಕೆಗೆ ತುಂಬಿ ಬಾಯಿ ಕಟ್ಟಿಡುತ್ತಿದ್ದಳು. ಕಾಡುಹಂದಿಯ ಮಾಂಸ ಬೇಯಿಸುವುದರಲ್ಲಿ ಸುತ್ತಿನ ಊರುಗಳಲ್ಲಿ ಅವಳಿಗೆ ಸಾಟಿ ಇರಲಿಲ್ಲ.

ಆ ಊರಿನ ಬೇಟೆಗೆ ಒಂದು ಕಟ್ಟಳೆ ಇತ್ತು. ಏಟು ತಿಂದ ಮೃಗ ಏಟು ಕೊಟ್ಟವನದು. ಅದು ತಪ್ಪಿಸಿಕೊಂಡು ಓಡಿದರೆ ಅವನು ಅದರ ಹಿಂದೆ ಹೋಗಬೇಕು. ಅದರ ಜೀವ ಹೋದದ್ದನ್ನು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಅವನು ಬೇಟೆಯ ಮಾಂಸ ಮುಟ್ಟುವಂತಿಲ್ಲ. ಬೇಟೆಗಾರನಿಗೆ ಇದನ್ನು ಅವನ ತಂದೆ ಕಲಿಸಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷ ಅವನ ಮಗಳ ಮದುವೆ ಗೊತ್ತಾಗುವುದಿತ್ತು. ಬೇಟೆ ತೊಡಗಿದ ಮರುದಿನವೇ ವೀಳ್ಯ ಕೊಡಲು ಬೀಗರು ಬರುವವರಿದ್ದರು. ದೊಡ್ಡ ಮನೆತನ. ಅವರ ಎಲೆಗೆ ಆ ವರ್ಷದ ಮೊದಲ ಹಂದಿಯ ಮಾಂಸ ಬಡಿಸಬೇಕೆಂದು ಅವನ ಆಸೆ. ಅದಕ್ಕಾಗಿ ಬಲೆಯನ್ನು ಎರಡೆರಡು ಸಲ ಎಳೆದು ನೋಡಿದ. ಅಲಗನ್ನು ಕೂದಲು ಕತ್ತರಿಸುವಷ್ಟು ಹರಿತ ಮಾಡಿದ.

ಬೇಟೆಯ ದಿನ ಬೆಳಗ್ಗೆ ಊರಿನವರು ಕಾಡಿಗೆ ನುಗ್ಗಿ ತಮಟೆ ಬಡಿದು ಮೃಗಗಳನ್ನು ಎಬ್ಬಿಸಿದರು. ಮಧ್ಯಾಹ್ನದ ಮೇಲೆ, ಬಲೆಯ ಪಕ್ಕದಲ್ಲಿ ನಿಂತಿದ್ದ ಬೇಟೆಗಾರನ ಎದುರಿಗೆ ಒಂದು ಒಂಟಿ ಹಂದಿ ಬಂತು. ಅವನು ಈಟಿ ಹಾಕಿದ. ಈಟಿ ಸೊಂಟದ ಹಿಂದೆ ನಾಟಿತು. ಹಂದಿ ತಿರುಗಿ ಒಂದು ಮರಕ್ಕೆ ಮೈ ಹೊಡೆಯಿತು. ಕೋಲು ಮುರಿದು ಕೆಳಗೆ ಬಿತ್ತು. ಅಲಗು ಮೈಯಲ್ಲೇ ಉಳಿಯಿತು. ಹಂದಿ ಕಾರೆಯ ಮುಳ್ಳುಪೊದೆಗಳ ನಡುವೆ ನುಗ್ಗಿ ಮರೆಯಾಯಿತು.

ಅಷ್ಟರಲ್ಲಿ ಇನ್ನೊಂದು ಹಂದಿ ಬಲೆಗೆ ಬಿದ್ದಿತ್ತು. ಉಳಿದವರು ಅದನ್ನು ಕೊಂದಿದ್ದರು. ಹೊತ್ತು ಇಳಿಯುತ್ತಿತ್ತು.

ಏಟು ಬಿದ್ದದ್ದನ್ನು ಕಂಡವನು ಹೆಜ್ಜೆ ಓದುವುದರಲ್ಲಿ ಪಳಗಿದ ಒಬ್ಬ ಮುದುಕ ಮಾತ್ರ. ಅವನು ಎಲೆಯ ಮೇಲಿನ ರಕ್ತವನ್ನು ಬೆರಳಿನಿಂದ ಮುಟ್ಟಿ ನೋಡಿದ. "ಕಪ್ಪಾಗಿದೆ, ಏಟು ಮರ್ಮಕ್ಕೆ ಬಿದ್ದಿಲ್ಲ. ದೂರ ಹೋಗುತ್ತದೆ. ನಡಿ, ನಾನೂ ಬರುತ್ತೇನೆ" ಎಂದ.

"ಅಜ್ಜ, ನಾಳೆ ಬೀಗರು ಬರುತ್ತಾರೆ. ಈಗ ಹೊರಟರೆ ಯಾವಾಗ ತಿರುಗುವುದೋ. ಅದು ಬದುಕುವುದಿಲ್ಲ. ಎಲ್ಲಿ ಬಿದ್ದಿದೆ ಎಂದು ಹದ್ದುಗಳೇ ತೋರಿಸುತ್ತವೆ."

"ಸತ್ತರೆ ಹದ್ದು ತೋರಿಸುತ್ತದೆ. ಸಾಯದಿದ್ದರೆ?"

ಬೇಟೆಗಾರ ಮುರಿದ ಕೋಲನ್ನು ಎತ್ತಿಕೊಂಡು ಊರಿನ ಕಡೆ ಹೆಜ್ಜೆ ಹಾಕಿದ. ಮುದುಕ ಪೊದೆಗಳನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಹಿಂದೆ ಬಂದ.

ಮರುದಿನ ಬೆಳಗ್ಗೆ ಅಂಗಳದಲ್ಲಿ ಒಣಹುಲ್ಲು ಹೊತ್ತಿಸಿ ಹಂದಿಯ ಕೂದಲು ಸುಟ್ಟರು. ಚರ್ಮವನ್ನು ಕೆರೆದು, ಅರಿಸಿನದ ನೀರಿನಲ್ಲಿ ತೊಳೆದು, ಊರಿನ ಮನೆಮನೆಗೆ ಪಾಲು ಹಾಕಿದರು. ಬೇಟೆಗಾರನ ಹೆಂಡತಿ ತಮ್ಮ ಪಾಲಿನ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಹುರಿದಳು. ಕಾಡಿನ ಮಾಂಸ ಬಿರುಸು. ಜೋರು ಉರಿಗೆ ಬಗ್ಗುವುದಿಲ್ಲ. ಅವಳು ಕೊಳ್ಳಿಗಳನ್ನು ಹಿಂದಕ್ಕೆಳೆದು, ಮುಚ್ಚಳದ ಮೇಲೆ ನೀರು ಸುರಿದು, ನಿಧಾನವಾಗಿ ಬೇಯಲು ಬಿಟ್ಟಳು. ಮಸಾಲೆಯ ಮಡಕೆ ತರಲು ಒಳಗೆ ಹೋದಾಗ ಬಾಗಿಲ ಹಿಂದೆ ಈಟಿಯ ಮುರಿದ ಕೋಲು ಕಂಡಿತು.

"ಅಲಗು ಎಲ್ಲಿ?" ಎಂದು ಗಂಡನನ್ನು ಕೇಳಿದಳು.

"ಮುರಿಯಿತು."

"ಮುರಿದರೂ ಬಿಟ್ಟು ಬರುವವರಲ್ಲ ನೀವು."

ಅಷ್ಟರಲ್ಲಿ ಬೀಗರ ಗಾಡಿ ಬಾಗಿಲಿಗೆ ಬಂದಿತ್ತು. ಅವಳು ಮತ್ತೆ ಕೇಳಲಿಲ್ಲ.

ವೀಳ್ಯದ ಶಾಸ್ತ್ರ ಸಾಂಗವಾಗಿ ನಡೆಯಿತು. ಮಧ್ಯಾಹ್ನ ಪಂಕ್ತಿ ಕೂತಿತು. ಹೆಂಡತಿ ಬೀಗರಿಗೆಲ್ಲ ಬಡಿಸಿ, ಕೊನೆಗೆ ಗಂಡನ ಎಲೆಯ ಮುಂದೆ ಬಂದು ಸವುಟು ಹಿಡಿದು ನಿಂತಳು.

"ಬಡಿಸಲೇ?" ಎಂದಳು.

ಅವಳು ಏನು ಕೇಳುತ್ತಿದ್ದಾಳೆಂದು ಆ ಪಂಕ್ತಿಯಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಅವನು ಎಲೆಯನ್ನೇ ನೋಡುತ್ತಿದ್ದ. ಪಕ್ಕದಲ್ಲಿದ್ದ ಬೀಗ ನಗುತ್ತ, "ಮನೆಯ ಯಜಮಾನರೇ ಕೈ ಹಾಕದಿದ್ದರೆ ನಾವು ತುತ್ತು ಎತ್ತುವುದು ಹೇಗೆ?" ಎಂದ.

"ಬಡಿಸು" ಎಂದ ಬೇಟೆಗಾರ.

ಅವಳು ಬಡಿಸಿದಳು. ಅವನು ತಿಂದ. ಎಲ್ಲರೂ ಅಡಿಗೆಯನ್ನು ಹೊಗಳಿದರು. ಮಾಂಸ ಬೆಣ್ಣೆಯಂತೆ ಬೆಂದಿತ್ತು. ಅವನಿಗೆ ಯಾವ ರುಚಿಯೂ ಹತ್ತಲಿಲ್ಲ.

ಬೀಗರು ಒಂದು ದಿನ ಹೆಚ್ಚಿಗೆ ಉಳಿದರು. ಅವರನ್ನು ಬಿಟ್ಟು ಕಾಡಿಗೆ ಹೋಗುವುದು ಮರ್ಯಾದೆಯಲ್ಲ ಎಂದುಕೊಂಡ. ಅವರು ಹೊರಟ ದಿನ ಅಕಾಲದಲ್ಲಿ ಒಂದು ಮಳೆ ಬಿತ್ತು. ರಕ್ತದ ಗುರುತು ಇನ್ನೆಲ್ಲಿ ಸಿಗುತ್ತದೆ ಎಂದುಕೊಂಡ. ಹೊಲದಲ್ಲಿ ಕೆಲಸ ಮಾಡುವಾಗ ಆಗಾಗ ತಲೆ ಎತ್ತಿ ಕಾಡಿನ ಮೇಲಿನ ಆಕಾಶ ನೋಡುತ್ತಿದ್ದ. ಹದ್ದುಗಳು ಸುತ್ತಲಿಲ್ಲ. ಚಿರತೆ ತಿಂದಿರಬೇಕು ಎಂದುಕೊಂಡ. ಒಂದೆರಡು ಸಲ ಕಾಡಿನ ಬಾಯಿಯವರೆಗೆ ಹೋಗಿ ತಿರುಗಿ ಬಂದ. ಹೋದರೆ ಅದು ಸತ್ತಿರುವುದು ಕಾಣಲಿ ಎಂದು ಆಸೆ, ಬದುಕಿರುವುದು ಕಂಡರೆ ಎಂದು ಭಯ.

ಇಪ್ಪತ್ತೆರಡನೆಯ ದಿನ ಊರಿನ ಕುಂಬಾರ ಮಣ್ಣು ತರಲು ಕೆರೆಗೆ ಹೋದ. ಕೆರೆ ಬತ್ತುತ್ತ ನೀರು ನಡುವಿಗೆ ಇಳಿದಿತ್ತು. ಅಂಚಿನಲ್ಲಿ ಮಣ್ಣು ತೆಗೆಯುವ ಗುಂಡಿಯಲ್ಲಿ ಮಾತ್ರ ಕೆಸರು ಉಳಿದಿತ್ತು. ಮೈಯ ಉರಿ ತಾಳಲಾರದೆ ಹಂದಿ ಬಂದು ಆ ಕೆಸರಿನಲ್ಲಿ ಮಲಗಿತ್ತು. ಕುಂಬಾರ ಗುದ್ದಲಿ ಹಿಡಿದು ಗುಂಡಿಗೆ ಇಳಿದ. ಹಂದಿ ಎದ್ದು ಅವನ ತೊಡೆಯನ್ನು ಸೀಳಿತು.

ನೀರಿಗೆ ಬಂದ ಹೆಂಗಸರು ಅವನನ್ನು ಕಂಡು ಊರಿಗೆ ಸುದ್ದಿ ತಂದರು. ನಾಟಿ ವೈದ್ಯ ಗಾಯ ಕಟ್ಟಿ, ಮುರಿದ ಮೂಳೆಗೆ ಬಿದಿರಿನ ದಬ್ಬೆ ಕಟ್ಟಿದ. ಜೀವ ಉಳಿಯುತ್ತದೆ, ಕಾಲು ಬರುವುದಿಲ್ಲ ಎಂದ. ಊರಿನವರು ನೇರವಾಗಿ ಬೇಟೆಗಾರನ ಮನೆಗೆ ಬಂದರು. "ಯಾವುದೋ ಹುಚ್ಚು ಹಂದಿ. ನಿನ್ನನ್ನು ಬಿಟ್ಟರೆ ಅದನ್ನು ಮುಗಿಸುವವರಿಲ್ಲ" ಎಂದರು. ಅವರು ಅವನನ್ನು ನಂಬಿ ಬಂದಿದ್ದರು.

ಅವನು ಒಬ್ಬನೇ ಹೋದ. ನಾಯಿಗಳನ್ನೂ ಕರೆದೊಯ್ಯಲಿಲ್ಲ.

ಹಂದಿ ಅದೇ ಗುಂಡಿಯಲ್ಲಿತ್ತು. ಪಕ್ಕೆಲುಬು ಎಣಿಸಬಹುದಾಗಿತ್ತು. ಸೊಂಟದ ಹಿಂದೆ ಗಾಯ ಕೊಳೆತು, ಅದರ ನಡುವೆ ಕಬ್ಬಿಣದ ಬುಡ ಕಾಣುತ್ತಿತ್ತು. ಅದು ತನ್ನ ಮೇಲೆ ಏರಿ ಬರಲಿ ಎಂದು ಬೇಟೆಗಾರ ಕಾದ. ಬರಲಿ ಎಂದೇ ಬಯಸಿದ. ಹಂದಿ ಏಳಲು ನೋಡಿತು. ಹಿಂಗಾಲು ಏಳಲಿಲ್ಲ. ಮೂತಿಯನ್ನು ಕೆಸರಿನ ಮೇಲಿಟ್ಟು ಅವನನ್ನು ನೋಡಿತು.

ಅವನು ಕೆಳಗಿಳಿದು ಅದರ ಜೀವ ತೆಗೆದ. ಅಲಗನ್ನು ಕಿತ್ತು ತೊಳೆದ. ಮಾಂಸ ಯಾವ ಒಲೆಗೂ ಬಾರದಂತೆ ಕೆಟ್ಟಿತ್ತು. ಕುಂಬಾರನ ಗುದ್ದಲಿ ಅಲ್ಲೇ ಬಿದ್ದಿತ್ತು. ಅದರಿಂದಲೇ ದಂಡೆಯ ಮೇಲೆ ಕುಣಿ ತೋಡಿ ಹಂದಿಯನ್ನು ಹೂಳಿದ.

ಊರಿಗೆ ಬಂದಾಗ ಜನ ಕಟ್ಟೆಯ ಹತ್ತಿರ ಸೇರಿದ್ದರು. ಗೌಡ ಅವನ ತಲೆಗೆ ರುಮಾಲು ಸುತ್ತಿ ಬೆನ್ನು ತಟ್ಟಿದ. ಅಲಗು ಅವನ ಸೊಂಟದಲ್ಲಿತ್ತು. ಹಂದಿಯ ಮೈಯಲ್ಲಿ ಏನಿತ್ತೆಂದು ಜನರಿಗೆ ತಿಳಿದಿರಲಿಲ್ಲ. ಅವನು ಸುಮ್ಮನೆ ಮನೆಗೆ ನಡೆದಿದ್ದರೆ ಎಂದಿಗೂ ತಿಳಿಯುತ್ತಿರಲಿಲ್ಲ. ಗುಂಪಿನ ಅಂಚಿನಲ್ಲಿ ಆ ಮುದುಕ ನಿಂತಿದ್ದ. ಅವನೊಬ್ಬ ಬೇಟೆಗಾರನ ಸೊಂಟದ ಕಡೆ ನೋಡುತ್ತಿದ್ದ.

ಬೇಟೆಗಾರ ರುಮಾಲು ಬಿಚ್ಚಿ ಕಟ್ಟೆಯ ಮೇಲಿಟ್ಟು ಕುಂಬಾರನ ಮನೆಗೆ ಹೋದ.

ಕುಂಬಾರ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಬೇಟೆಗಾರ ಅಲಗನ್ನು ಅವನ ಕೈಗೆ ಸಿಗುವಂತೆ ಇಟ್ಟ.

"ಅಣ್ಣ, ಇದು ಹಂದಿಯ ಮೈಯಲ್ಲಿತ್ತು. ನನ್ನದು."

ಕುಂಬಾರ ಅದನ್ನು ಎತ್ತಿ ನೋಡಿದ. "ಯಾವತ್ತು ಹೊಡೆದದ್ದು?"

"ಬೇಟೆಯ ಮೊದಲ ದಿನ. ಹಿಂದೆ ಹೋಗಲಿಲ್ಲ. ಮನೆಗೆ ಬಂದೆ. ಬೀಗರ ಜೊತೆ ಕೂತು ಉಂಡೆ."

"ಅಷ್ಟು ದಿನವೂ ಅದು ಇದನ್ನು ಹೊತ್ತುಕೊಂಡೇ ತಿರುಗಿತೇ?"

ಬೇಟೆಗಾರ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಈ ಮಾತಿಗೆ ಸಿದ್ಧನಾಗಿರಲಿಲ್ಲ. ಅವನು ನೆಲದ ಮೇಲೆ ಕೂತ.

ಕುಂಬಾರ ಅಲಗನ್ನು ಚಾಪೆಯ ಪಕ್ಕಕ್ಕಿಟ್ಟ. "ಬೆಳಗ್ಗೆಯಿಂದ ಆ ಹಂದಿಯನ್ನು ಶಪಿಸುತ್ತಿದ್ದೆ. ಈಗ ಅದರ ಮೇಲೆ ಸಿಟ್ಟಿಲ್ಲ."

"ನನ್ನ ಮೇಲೆ?"

"ಅದು ಈಗ ತಾನೇ ಹುಟ್ಟಿದೆ. ಯಾವಾಗ ಹೋಗುತ್ತದೋ ನನಗೇನು ಗೊತ್ತು? ನಾಳೆ ಬೆಳಗ್ಗೆ ಬಾ. ಮನೆಯಲ್ಲಿ ಮಣ್ಣು ತರುವವರಿಲ್ಲ."

ಬೇಟೆಗಾರ ಮರುದಿನ ಬೆಳಗ್ಗೆ ಹೋದ. ಅದರ ಮರುದಿನವೂ ಹೋದ. ಕೆರೆಯಿಂದ ಮಣ್ಣು ಹೊತ್ತು, ಕಲ್ಲು ಆರಿಸಿ, ನೀರು ಹಾಕಿ ತುಳಿದು ಹದ ಮಾಡಿ ಕೊಡುತ್ತಿದ್ದ. ಕುಂಬಾರ ಎಷ್ಟೋ ದಿನ ಅವನೊಡನೆ ಮಾತಾಡಲಿಲ್ಲ. ಮಾತಾಡಿದ ದಿನ ಬೈದ. ಕಾಲಿನ ನೋವು ಹೆಚ್ಚಾದ ದಿನ ಹದ ಮಾಡಿದ ಮಣ್ಣನ್ನು ಎತ್ತಿ ಎಸೆದ. ಬೇಟೆಗಾರ ಅದನ್ನು ಬಾಚಿ ತಂದು ಮತ್ತೆ ತುಳಿದ. ಮಗಳ ಮದುವೆಯಾಯಿತು. ಸುಗ್ಗಿಗಳು ಬಂದು ಹೋದವು. ಅವನು ಮಣ್ಣು ತರುವುದನ್ನು ಬಿಡಲಿಲ್ಲ. ಕುಂಬಾರನ ತಿಗುರಿ ಒಂದು ದಿನವೂ ಮಣ್ಣಿಲ್ಲದೆ ನಿಲ್ಲಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಇನ್ನೂ ಏನೋ ಇದೆ ಎಂದು ಕಾದ.

"ಕೊನೆಗೆ ಕುಂಬಾರ ಅವನನ್ನು ಕ್ಷಮಿಸಿದನೇ, ಗುರುಗಳೇ?"

ಗುರುಗಳು ಅವನ ಮುಖ ನೋಡಿ ಕೇಳಿದರು:

"ನಿನ್ನ ಮಾತು ಹೊತ್ತುಕೊಂಡು ಹೋದವನ ಊರು ಇಲ್ಲಿಂದ ಎಷ್ಟು ದಿನದ ದಾರಿ?"